ಅಳಿಸಿದರೂ ಅಳಿಯದ ಬೀಗ

‘ಒಂದ್ಸಲ ಫಾರ್ಮ್ಯಾಟ್ ಹೊಡೆಸಿ, ಎಲ್ಲ ಸರಿಹೋಗುತ್ತೆ.’ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ರಿಪೇರಿ ಅಂಗಡಿಯವರು ಹೇಳುತ್ತ ಬಂದಿರುವ ಮಾತಿದು. ವೈರಸ್ ಹೊಕ್ಕಿದ್ದರೂ ಅದೇ ಮದ್ದು, ಪಾಸ್‌ವರ್ಡ್ ಮರೆತಿದ್ದರೂ ಅದೇ ಮದ್ದು. ಹಳೆಯದನ್ನು ಮಾರುವ ಮೊದಲು ಮಾಡಿ ಮುಗಿಸಬೇಕಾದ ಶಾಸ್ತ್ರವೂ ಅದೇ. ಡಿಸ್ಕ್ ಅಳಿಸಿ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿಬಿಟ್ಟರೆ ಆ ಯಂತ್ರ ನಿನ್ನೆಯವರೆಗೆ ಯಾರದಾಗಿತ್ತು ಎಂಬ ಗುರುತೇ ಉಳಿಯುತ್ತಿರಲಿಲ್ಲ. ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರುಗಳ ಮಟ್ಟಿಗೆ 2019ರಿಂದ ಈ ಲೆಕ್ಕಾಚಾರ ತಲೆಕೆಳಗಾಗಿದೆ.

ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಕೊಂಡ ಎಷ್ಟೋ ಮಂದಿಗೆ ಇದು ಗೊತ್ತಾಗುವುದು ದುಡ್ಡು ಕೊಟ್ಟು ಮನೆಗೆ ತಂದಮೇಲೆ. ಡಿಸ್ಕ್ ಖಾಲಿಯಿದೆ, ಪರದೆಗೆ ಗೀರಿಲ್ಲ, ಬ್ಯಾಟರಿ ಚೆನ್ನಾಗಿದೆ. ವೈಫೈಗೆ ಜೋಡಿಸಿದ ಕೂಡಲೇ ಒಂದು ಸೂಚನೆ ಮೂಡುತ್ತದೆ: ಈ ಮ್ಯಾಕ್ ಒಂದು ಆ್ಯಪಲ್ ಅಕೌಂಟಿಗೆ ಸೇರಿದೆ, ಆ ಅಕೌಂಟಿನ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ. ಇಮೇಲ್ ವಿಳಾಸದಲ್ಲಿ ಒಂದೆರಡು ಅಕ್ಷರ ಕಾಣುತ್ತದೆ, ಉಳಿದದ್ದೆಲ್ಲ ಚುಕ್ಕಿ. ಇನ್ನೊಮ್ಮೆ ಅಳಿಸಿ ನೋಡಿದರೆ ಮತ್ತೆ ಅದೇ ಸೂಚನೆ. ಇದರ ಹೆಸರು ಆ್ಯಕ್ಟಿವೇಶನ್ ಲಾಕ್. ಇದು ಯಾಕೆ ಬಂತು, ಎಲ್ಲಿ ಕೂತಿದೆ ಎಂದು ತಿಳಿದರೆ ಯಾರ ಕೈಯಿಂದ ತೆರೆಯುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಕಳ್ಳರಿಗೆ ಹಾಕಿದ ಬೀಗ

ಕತೆ ಶುರುವಾಗುವುದು ಫೋನುಗಳಿಂದ. 2010ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ಐಫೋನ್ ಕಸಿದು ಓಡುವುದೇ ಒಂದು ಕಸುಬಾಗಿತ್ತು. ಮೆಟ್ರೊ ಬಾಗಿಲು ಮುಚ್ಚುವ ಹೊತ್ತಿಗೆ ಕೈಯಿಂದ ಕಿತ್ತುಕೊಳ್ಳುವುದು, ಸಂಜೆಯೊಳಗೆ ಅಳಿಸಿ ಮಾರುವುದು. ಅಳಿಸಿದ ಫೋನಿಗೂ ಅಂಗಡಿಯಿಂದ ತಂದ ಫೋನಿಗೂ ವ್ಯತ್ಯಾಸವೇ ಇಲ್ಲದ ಮೇಲೆ ಕಳ್ಳನಿಗೆ ಪೂರ್ತಿ ಬೆಲೆ ಸಿಗುತ್ತಿತ್ತು. 2013ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಜಿಲ್ಲಾ ಅಟಾರ್ನಿ ಜಾರ್ಜ್ ಗ್ಯಾಸ್ಕಾನ್ ಸೇರಿ, ಕದ್ದ ಫೋನು ಕೆಲಸಕ್ಕೆ ಬಾರದಂತೆ ಮಾಡಿ ಎಂದು ಕಂಪನಿಗಳ ಮೇಲೆ ಒತ್ತಡ ಹಾಕಿದರು. ಅದೇ ತಿಂಗಳು ಆ್ಯಪಲ್ ಆ್ಯಕ್ಟಿವೇಶನ್ ಲಾಕ್ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಐಒಎಸ್ 7ರ ಜೊತೆ ಅದು ಫೋನುಗಳಿಗೆ ಬಂತು.

ಮುಂದಿನ 12 ತಿಂಗಳಲ್ಲಿ ಐಫೋನ್ ಕಳವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇ 40ರಷ್ಟು, ನ್ಯೂಯಾರ್ಕ್‌ನಲ್ಲಿ ಶೇ 25ರಷ್ಟು ಇಳಿಯಿತು ಎಂದು ಅಲ್ಲಿನ ಅಧಿಕಾರಿಗಳು 2015ರಲ್ಲಿ ಲೆಕ್ಕ ಕೊಟ್ಟರು. ಕ್ಯಾಲಿಫೋರ್ನಿಯಾ ಇದಕ್ಕಾಗಿ ಕಾನೂನನ್ನೇ ಮಾಡಿತು: 2015ರ ಜುಲೈ 1ರಿಂದ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ಇಂಥ ವ್ಯವಸ್ಥೆ ಇರಲೇಬೇಕು. ಗೂಗಲ್ ಕೂಡ ಆ ವರ್ಷ ಆಂಡ್ರಾಯ್ಡ್ 5.1ರಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಮಾಡುವ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ತಂದಿತು.

ಕಂಪ್ಯೂಟರಿಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. ಮ್ಯಾಕ್‌ಗಳಿಗೆ ಮೊದಲು ಇದ್ದದ್ದು ಫರ್ಮ್‌ವೇರ್ ಪಾಸ್‌ವರ್ಡ್, ಅಂದರೆ ಯಂತ್ರದೊಳಗೇ ಕೂತ ಬೀಗ. 2011ಕ್ಕಿಂತ ಹಿಂದಿನ ಮಾದರಿಗಳಲ್ಲಿ ಒಂದು ರ‍್ಯಾಮ್ ತುಂಡು ತೆಗೆದು ಕೆಲವು ಕೀಲಿಗಳನ್ನು ಒತ್ತಿ ಹಿಡಿದರೆ ಅದು ಅಳಿಸಿಹೋಗುತ್ತಿತ್ತು. ಯಂತ್ರ ಕೈಲಿರುವವರಿಗೆ ಯಂತ್ರದೊಳಗಿನ ಬೀಗ ಎಷ್ಟು ದಿನ ತಡೆದೀತು? ಆಪರೇಟಿಂಗ್ ಸಿಸ್ಟಂ ಎದ್ದೇಳುವ ಮೊದಲೇ ಎಚ್ಚರಾಗಿ, ಮುಂದೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವ ಪ್ರತ್ಯೇಕ ಚಿಪ್ ಬೇಕಿತ್ತು. 2017ರ ಡಿಸೆಂಬರ್‌ನಲ್ಲಿ ಐಮ್ಯಾಕ್ ಪ್ರೊ ಜೊತೆ ಬಂದ ಟಿ2 ಚಿಪ್ ಆ ಕೆಲಸಕ್ಕೆ ಒದಗಿತು. 2018ರ ಮ್ಯಾಕ್‌ಬುಕ್ ಏರ್, ಮ್ಯಾಕ್‌ಬುಕ್ ಪ್ರೊ, ಮ್ಯಾಕ್ ಮಿನಿಗಳಲ್ಲೂ ಅದೇ ಚಿಪ್ ಇತ್ತು. 2019ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಒಎಸ್ ಕ್ಯಾಟಲಿನಾ ಬಿಡುಗಡೆಯಾದಾಗ ಈ ಯಂತ್ರಗಳಿಗೆ ಆ್ಯಕ್ಟಿವೇಶನ್ ಲಾಕ್ ಸಿಕ್ಕಿತು. 2020ರ ನವೆಂಬರ್‌ನಿಂದ ಬಂದಿರುವ ಎಂ1 ಮತ್ತು ನಂತರದ ಚಿಪ್‌ಗಳ ಮ್ಯಾಕ್‌ಗಳೆಲ್ಲವೂ ಇದರ ವ್ಯಾಪ್ತಿಯಲ್ಲೇ ಇವೆ.

ದಾಖಲೆ ಇರುವುದು ಬೇರೆ ಕಡೆ

ಹೊಸ ಮ್ಯಾಕ್ ಹೊಂದಿಸುವಾಗ ಆ್ಯಪಲ್ ಅಕೌಂಟಿಗೆ ಲಾಗಿನ್ ಆಗಿ, ಕಳೆದ ಯಂತ್ರ ಹುಡುಕಿಕೊಡುವ ‘ಫೈಂಡ್ ಮೈ’ ಸೌಲಭ್ಯ ಚಾಲೂ ಮಾಡಿದರೆ, ಬೀಗವೂ ಅದರ ಜೊತೆಗೇ ಬೀಳುತ್ತದೆ. ‘ಲಾಕ್ ಹಾಕಲೇ?’ ಎಂದು ಯಾರೂ ಬೇರೆಯಾಗಿ ಕೇಳುವುದಿಲ್ಲ. ಹೀಗಾಗಿ ತಮ್ಮ ಕಂಪ್ಯೂಟರಿಗೆ ಇಂಥದೊಂದು ಬೀಗವಿದೆ ಎಂಬುದೇ ಬಹುಪಾಲು ಮಾಲೀಕರಿಗೆ ಗೊತ್ತಿರುವುದಿಲ್ಲ. ಆ ಕ್ಷಣದಲ್ಲಿ ಯಂತ್ರದ ವಿಶಿಷ್ಟ ಗುರುತು ಮತ್ತು ಅಕೌಂಟು ಎರಡೂ ಆ್ಯಪಲ್ ಸರ್ವರ್‌ನಲ್ಲಿ ಒಂದಕ್ಕೊಂದು ತಳಕು ಹಾಕಿಕೊಳ್ಳುತ್ತವೆ.

ಮುಂದೆ ಯಾರಾದರೂ ಡಿಸ್ಕನ್ನು ಪೂರ್ತಿ ಅಳಿಸಿದರು ಎನ್ನಿ. ಯಂತ್ರ ಎದ್ದೇಳುವಾಗ ಮೊದಲು ಎಚ್ಚರಗೊಳ್ಳುವ ಭದ್ರತಾ ಭಾಗ ತನ್ನ ಬಳಿ ಆ್ಯಪಲ್ ಕೊಟ್ಟ ಊರ್ಜಿತ ಪ್ರಮಾಣಪತ್ರ ಇದೆಯೇ ಎಂದು ನೋಡುತ್ತದೆ. ಅಳಿಸುವಾಗ ಅದೂ ಹೋಗಿರುತ್ತದೆ. ಆಗ ಮ್ಯಾಕ್‌ಒಎಸ್ ತೆರೆಯುವ ಬದಲು ರಿಕವರಿ ಪರದೆ ತೆರೆಯುತ್ತದೆ. ಅದು ಇಂಟರ್‌ನೆಟ್ ಮೂಲಕ ಆ್ಯಪಲ್ ಸರ್ವರನ್ನು ಸಂಪರ್ಕಿಸಿ ಹೊಸ ಪ್ರಮಾಣಪತ್ರ ಕೇಳುತ್ತದೆ. ಸರ್ವರ್ ತನ್ನ ದಾಖಲೆ ನೋಡಿ, ‘ಈ ಗುರುತಿನ ಯಂತ್ರ ಇಂಥವರ ಹೆಸರಲ್ಲಿದೆ, ಅವರೇ ಬಂದು ಹೇಳಲಿ’ ಎನ್ನುತ್ತದೆ. ಸರಿಯಾದ ಅಕೌಂಟಿನ ವಿವರ ಸಿಗುವವರೆಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದೆ ಮ್ಯಾಕ್‌ಒಎಸ್ ಇಲ್ಲ.

ಮನೆ ಕೊಂಡು ಗೊತ್ತಿರುವವರಿಗೆ ಇದು ಬೇಗ ಅರ್ಥವಾದೀತು. ಬೀಗದ ಕೈ ನಿಮ್ಮ ಕೈಗೆ ಬಂದಿದೆ, ಹಳೇ ಸಾಮಾನೆಲ್ಲ ಹೊರಗೆ ಹಾಕಿ ಗೋಡೆಗೆ ಹೊಸ ಸುಣ್ಣ ಬಳಿಸಿದ್ದೀರಿ. ಆದರೆ ಪಾಲಿಕೆಯ ಕಡತದಲ್ಲಿ ಖಾತೆ ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಇದೆ. ಸುಣ್ಣ ಎಷ್ಟು ಸಲ ಬಳಿದರೂ ಕಡತದಲ್ಲಿ ಹೆಸರು ಬದಲಾಗದು.

ಫಾರ್ಮ್ಯಾಟ್ ಯಾಕೆ ನಾಟುವುದಿಲ್ಲ ಎಂಬುದಕ್ಕೆ ಉತ್ತರ ಇಷ್ಟೇ. ಇನ್ನೊಂದು ಮ್ಯಾಕ್‌ಗೆ ಕೇಬಲ್ ಹಾಕಿ, ಆ್ಯಪಲ್‌ನದೇ ಕಾನ್ಫಿಗರೇಟರ್ ತಂತ್ರಾಂಶದಿಂದ ಫರ್ಮ್‌ವೇರ್ ಸಹಿತ ಎಲ್ಲವನ್ನೂ ಹೊಸದಾಗಿ ಹಾಕುವ ವಿಧಾನವೂ ಒಂದಿದೆ. ಕೆಟ್ಟುಹೋದ ಯಂತ್ರಕ್ಕೆ ಅದು ಒಳ್ಳೆಯ ಚಿಕಿತ್ಸೆ. ಬೀಗ ಬಿದ್ದ ಯಂತ್ರ ಮಾತ್ರ ಅದಾದ ಮೇಲೂ ಮೊದಲು ಹೋಗಿ ಕೇಳುವುದು ಅದೇ ಸರ್ವರನ್ನು.

ಇಲ್ಲಿ ಒಂದು ಎಚ್ಚರ ಬೇಕು. ಮ್ಯಾಕ್ ಮುಂದೆ ಹೋಗದಿದ್ದಾಗಲೆಲ್ಲ ಅದು ಆ್ಯಕ್ಟಿವೇಶನ್ ಲಾಕ್ ಎಂದುಕೊಳ್ಳಬಾರದು. ‘ಆ್ಯಕ್ಟಿವೇಶನ್ ಸರ್ವರ್ ಸಿಗುತ್ತಿಲ್ಲ’ ಎಂದು ಬಂದರೆ ಅದು ಬಹುತೇಕ ನೆಟ್‌ವರ್ಕ್ ತೊಂದರೆ. ಕಚೇರಿ ಅಥವಾ ಹೋಟೆಲಿನ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಪ್ರಯತ್ನಿಸಿದರೆ ಸರಿಹೋಗಬಹುದು. ಬೀಗದ ಚಿತ್ರ ಮತ್ತು ಒಂದು ಖಾಲಿ ಚೌಕ ಮಾತ್ರ ಕಂಡರೆ ಅದು ಇಂಟೆಲ್ ಮ್ಯಾಕ್‌ಗಳ ಹಳೇ ಫರ್ಮ್‌ವೇರ್ ಪಾಸ್‌ವರ್ಡ್. ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂದು ಬರೆದು ಯಾವುದೋ ಸಂಸ್ಥೆಯ ಹೆಸರು ತೋರಿಸಿದರೆ ಅದು ಬೇರೆಯೇ ಸಂಗತಿ, ಅದಕ್ಕೆ ಮುಂದೆ ಬರೋಣ.

ತೆರೆಯಬಲ್ಲವರು ಯಾರು

ಯಂತ್ರ ನಿಮ್ಮದೇ ಆಗಿದ್ದು, ಮಾರಲೆಂದೋ ಸ್ವಚ್ಛ ಮಾಡಲೆಂದೋ ಅಳಿಸಿದ ಮೇಲೆ ಸಿಕ್ಕಿಕೊಂಡಿದ್ದರೆ ಚಿಂತೆ ಕಡಿಮೆ. ಪರದೆಯಲ್ಲಿ ಅರ್ಧ ಕಾಣುವ ಇಮೇಲ್ ನಿಮ್ಮ ಯಾವ ಹಳೇ ವಿಳಾಸಕ್ಕೆ ಹೊಂದುತ್ತದೆ ನೋಡಿ, ಅದರ ಪಾಸ್‌ವರ್ಡ್ ಕೊಟ್ಟರೆ ಆಯಿತು. ಪಾಸ್‌ವರ್ಡ್ ಮರೆತಿದ್ದರೆ ಆ್ಯಪಲ್‌ನ ಅಕೌಂಟ್ ರಿಕವರಿ ಇದೆ. ಅದು ಅವಸರಕ್ಕೆ ಆಗುವ ಕೆಲಸವಲ್ಲ, ಕೆಲವು ದಿನ ಕಾಯಿಸಬಹುದು. ನಮ್ಮಲ್ಲಿ ಹೆಚ್ಚು ಜನ ಎಡವುವುದು ಫೋನ್ ನಂಬರಿನಲ್ಲಿ. ಈ ಬೀಗ ಬೀಳಬೇಕಾದರೆ ಅಕೌಂಟಿಗೆ ಎರಡು ಹಂತದ ದೃಢೀಕರಣ ಇರಬೇಕು, ಅದರ ಕೋಡು ನೋಂದಾಯಿತ ನಂಬರಿಗೆ ಬರುತ್ತದೆ. ಆ ಸಿಮ್ ಬಿಟ್ಟು ವರ್ಷವಾಗಿದ್ದರೆ ಕೋಡು ಇನ್ಯಾರದೋ ಫೋನಿಗೆ ಹೋದೀತು. ಸಿಮ್ ಬದಲಿಸಿದ ದಿನವೇ ಅಕೌಂಟಿನಲ್ಲೂ ನಂಬರ್ ಬದಲಿಸಿಡುವುದು ಇದಕ್ಕೇ.

ಬೇರೆಯವರಿಂದ ಕೊಂಡದ್ದಾಗಿದ್ದರೆ ಮಾರಿದವರನ್ನೇ ಹಿಡಿಯಬೇಕು. ಅವರು ಎದುರಿಗೆ ಬರಬೇಕಿಲ್ಲ, ಪಾಸ್‌ವರ್ಡನ್ನು ನಿಮಗೆ ಹೇಳಲೂ ಬೇಕಿಲ್ಲ. ಹೇಳಲೂಬಾರದು. ಅವರು ಐಕ್ಲೌಡ್ ಜಾಲತಾಣಕ್ಕೆ ತಮ್ಮ ಲಾಗಿನ್‌ನಿಂದ ಹೋಗಿ, ‘ಫೈಂಡ್ ಡಿವೈಸಸ್’ ಪಟ್ಟಿಯಲ್ಲಿ ಈ ಮ್ಯಾಕನ್ನು ಆರಿಸಿ, ಅಕೌಂಟಿನಿಂದ ತೆಗೆದುಹಾಕಿದರೆ ಸಾಕು. ಅವರು ಶಿವಮೊಗ್ಗದಲ್ಲಿರಲಿ, ಷಿಕಾಗೊದಲ್ಲಿರಲಿ, ನೀವು ಇಲ್ಲಿ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗ ಬೀಗ ಇರುವುದಿಲ್ಲ. ಅಂಗಡಿಯಿಂದ ಕೊಂಡಿದ್ದರೆ ಅಂಗಡಿಯವರು ತಮಗೆ ಮಾರಿದವರನ್ನು ಹುಡುಕಿ ಇದನ್ನು ಮಾಡಿಸಬೇಕು. ಆಗದಿದ್ದರೆ ಹಣ ವಾಪಸ್ ಕೇಳುವುದೇ ಸರಿ.

ಮೊದಲ ಖರೀದಿಯ ಬಿಲ್ ನಿಮ್ಮಲ್ಲಿದ್ದರೆ ಆ್ಯಪಲ್‌ಗೇ ಅರ್ಜಿ ಹಾಕಬಹುದು. ಬಿಲ್ ಅಧಿಕೃತ ಮಾರಾಟಗಾರರದ್ದಾಗಿರಬೇಕು, ಅದರಲ್ಲಿ ಸೀರಿಯಲ್ ನಂಬರ್ ಇದ್ದರೆ ಕೆಲಸ ಸುಲಭ. ಯಂತ್ರ ಲಾಸ್ಟ್ ಮೋಡ್‌ನಲ್ಲಿದ್ದರೆ, ಅಂದರೆ ಕಳೆದುಹೋಗಿದೆ ಎಂದು ಮಾಲೀಕರು ಗುರುತು ಹಾಕಿದ್ದರೆ, ಅಥವಾ ಸಂಸ್ಥೆಯೊಂದರ ಹಿಡಿತದಲ್ಲಿದ್ದರೆ ಈ ಅರ್ಜಿ ನಡೆಯುವುದಿಲ್ಲ. ಕೈಬರಹದ ರಸೀದಿ, ಆನ್‌ಲೈನಲ್ಲಿ ಹಣ ಕಳಿಸಿದ ಸ್ಕ್ರೀನ್‌ಶಾಟ್‌ಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಮನೆಯವರೊಬ್ಬರು ತೀರಿಕೊಂಡು ಅವರ ಮ್ಯಾಕ್ ಹೀಗೆ ಉಳಿದಿದ್ದರೆ ಅದಕ್ಕೂ ದಾರಿಯಿದೆ. 2021ರ ಡಿಸೆಂಬರ್‌ನಿಂದ ಆ್ಯಪಲ್ ಅಕೌಂಟಿನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಎಂದು ಒಬ್ಬರ ಹೆಸರು ಮೊದಲೇ ಬರೆದಿಡಬಹುದು. ಹಾಗೆ ಹೆಸರಿಸಲ್ಪಟ್ಟವರು ತಮಗೆ ಕೊಟ್ಟಿರುವ ಕೀ ಮತ್ತು ಮರಣ ಪ್ರಮಾಣಪತ್ರ ಸಲ್ಲಿಸಿದರೆ ಅಕೌಂಟಿನ ಮಾಹಿತಿ ಸಿಗುತ್ತದೆ, ಬೀಗವೂ ತೆಗೆಯಲ್ಪಡುತ್ತದೆ. ಹೆಸರು ಬರೆದಿಡದಿದ್ದರೂ ಮರಣ ಪ್ರಮಾಣಪತ್ರದಂಥ ದಾಖಲೆ ಒಪ್ಪಿಸಿ ಬೀಗ ತೆಗೆಸಲು ಕೇಳಿಕೊಳ್ಳಬಹುದು. ಡಿಸ್ಕಿನಲ್ಲಿರುವ ಫೋಟೊ, ಕಾಗದಪತ್ರಗಳ ಮಾತು ಬೇರೆ. ಯಂತ್ರದ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಅವು ಆ್ಯಪಲ್‌ಗೂ ಸಿಗುವುದಿಲ್ಲ.

ಇನ್ನು ಕಂಪನಿಗಳ ಲ್ಯಾಪ್‌ಟಾಪ್. ಬೆಂಗಳೂರಿನಂಥ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಐಟಿ ಕಂಪನಿಗಳು ಬಳಸಿ ಬಿಟ್ಟ ಮ್ಯಾಕ್‌ಗಳು ಗುತ್ತಿಗೆದಾರರ ಮೂಲಕ ಹಳೇ ಮಾಲಿನ ಮಾರುಕಟ್ಟೆಗೆ ಬರುತ್ತವೆ. ಕಂಪನಿಗಳು ತಮ್ಮ ಯಂತ್ರಗಳ ಸೀರಿಯಲ್ ನಂಬರನ್ನು ‘ಆ್ಯಪಲ್ ಬಿಸಿನೆಸ್ ಮ್ಯಾನೇಜರ್’ನಲ್ಲಿ ನೋಂದಾಯಿಸಿರುತ್ತವೆ. ಅಳಿಸಿದ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಿದೊಡನೆ ‘ರಿಮೋಟ್ ಮ್ಯಾನೇಜ್‌ಮೆಂಟ್’ ಪರದೆ ಬರುವುದು ಈ ನೋಂದಣಿಯಿಂದ. ಅದನ್ನು ಬಿಡುಗಡೆ ಮಾಡುವ ಅಧಿಕಾರ ಆ ಕಂಪನಿಯ ಐಟಿ ವಿಭಾಗಕ್ಕೆ ಮಾತ್ರ. ಉದ್ಯೋಗಿಯೊಬ್ಬರು ಕಚೇರಿಯ ಮ್ಯಾಕ್‌ನಲ್ಲಿ ಸ್ವಂತ ಅಕೌಂಟು ತೆರೆದು, ಕೆಲಸ ಬಿಡುವಾಗ ಲಾಗೌಟ್ ಆಗದೆ ಹೋದರೆ ಕಂಪನಿಯೇ ತನ್ನ ಯಂತ್ರದ ಹೊರಗೆ ನಿಲ್ಲಬೇಕಾಗುತ್ತಿತ್ತು. ನಿರ್ವಹಣಾ ತಂತ್ರಾಂಶ ಸರಿಯಾಗಿ ಅಳವಡಿಸಿದ್ದವರಿಗೆ ಅದರಲ್ಲಿ ಬೀಗ ತೆಗೆಯುವ ಬೈಪಾಸ್ ಕೋಡು ಸಿಗುತ್ತಿತ್ತು. 2024ರಿಂದ ಬಿಸಿನೆಸ್ ಮ್ಯಾನೇಜರ್‌ನಿಂದಲೇ ಇಂಥ ಬೀಗ ತೆಗೆಯುವ ಅವಕಾಶವನ್ನು ಆ್ಯಪಲ್ ಕೊಟ್ಟಿದೆ.

ಅಡ್ಡದಾರಿಯ ಆಸೆ

‘ಹತ್ತು ನಿಮಿಷದಲ್ಲಿ ಅನ್‌ಲಾಕ್’ ಎನ್ನುವ ವಿಡಿಯೊಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಅವುಗಳಲ್ಲಿ ಒಂದಿಷ್ಟು ನಿಜವೂ ಸೇರಿಕೊಂಡಿರುವುದರಿಂದ ಜನ ನಂಬುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ‘ಚೆಕ್‌ಎಂ8’ ಎಂಬ ದೋಷವೊಂದು ಬಯಲಾಯಿತು. ಎ5ರಿಂದ ಎ11ರವರೆಗಿನ ಆ್ಯಪಲ್ ಚಿಪ್‌ಗಳಲ್ಲಿ, ತಯಾರಿಕೆಯ ಹೊತ್ತಿಗೇ ಅಚ್ಚಾಗಿ ಮುಂದೆ ತಿದ್ದಲಾಗದ ಭಾಗದಲ್ಲಿ ಆ ದೋಷವಿತ್ತು. ಟಿ2 ಚಿಪ್ ಎ10ರ ವಂಶದ್ದು, ಹಾಗಾಗಿ ಅದೇ ಬಿರುಕು ಟಿ2 ಮ್ಯಾಕ್‌ಗಳಲ್ಲೂ ಇದೆ ಎಂದು 2020ರಲ್ಲಿ ತೋರಿಸಲಾಯಿತು. ಅಡ್ಡದಾರಿಯ ಸರಕುಗಳಿಗೆ ಬಂಡವಾಳ ಈ ಬಿರುಕು. ಎಂ1 ಮತ್ತು ನಂತರದ ಚಿಪ್‌ಗಳಲ್ಲಿ ಅದಿಲ್ಲ. ಹಳೇ ಟಿ2 ಯಂತ್ರದಲ್ಲೂ ಆ್ಯಪಲ್ ಸರ್ವರ್‌ನ ದಾಖಲೆ ಇದರಿಂದ ಬದಲಾಗುವುದಿಲ್ಲ. ಮುಂದೊಮ್ಮೆ ಯಂತ್ರವನ್ನು ಹೊಸದಾಗಿ ಹೊಂದಿಸಬೇಕಾಗಿ ಬಂದರೆ ಬೀಗ ಅಲ್ಲೇ ಕಾದಿರುತ್ತದೆ. ಗುರುತಿಲ್ಲದವರು ಬರೆದ ತಂತ್ರಾಂಶಕ್ಕೆ ಯಂತ್ರದ ಬುಡವನ್ನೇ ಒಪ್ಪಿಸಿ, ಅದರ ಮೇಲೆ ಬ್ಯಾಂಕ್ ವ್ಯವಹಾರ ಮಾಡುವ ಧೈರ್ಯ ಯಾರಿಗಿದೆ?

ಎಂ ಸರಣಿಯ ಮ್ಯಾಕ್‌ನ ಬೀಗ ತೆಗೆದುಕೊಡುತ್ತೇವೆ ಎಂದು ಮುಂಗಡ ಕೇಳುವವರದ್ದು ಸಾಮಾನ್ಯವಾಗಿ ನೇರ ಮೋಸ. ಅದರಲ್ಲಿ ಇನ್ನೊಂದು ಬಗೆಯೂ ಇದೆ. ಕದ್ದ ಯಂತ್ರದ ಮಾಲೀಕರಿಗೇ ಆ್ಯಪಲ್ ಹೆಸರಿನಲ್ಲಿ ‘ನಿಮ್ಮ ಸಾಧನ ಸಿಕ್ಕಿದೆ, ಇಲ್ಲಿ ಲಾಗಿನ್ ಆಗಿ’ ಎಂದು ಸಂದೇಶ ಕಳಿಸಿ ಪಾಸ್‌ವರ್ಡ್ ಕಸಿಯುವುದು. ಯಂತ್ರ ಕಳೆದುಕೊಂಡವರು ಇಂಥ ಯಾವ ಕೊಂಡಿಯನ್ನೂ ಒತ್ತಬಾರದು. ‘ಮಾರಾಟವಾಗಿದೆ, ದಯವಿಟ್ಟು ತೆಗೆದುಹಾಕಿ’ ಎಂಬ ಅಪರಿಚಿತರ ಮೊರೆಗೆ ಕರಗಿ ಪಟ್ಟಿಯಿಂದ ತೆಗೆಯಲೂಬಾರದು.

ಕಾನೂನಿನ ಮಾತೂ ಇದೆ. ಕದ್ದ ಕಂಪ್ಯೂಟರ್ ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ‘ಲಾಕ್ ಆಗಿದೆ, ಅದಕ್ಕೇ ಕಡಿಮೆ ರೇಟು’ ಎಂದು ಮಾರುವವರು ಹೇಳಿದರೆ, ಅನುಮಾನಕ್ಕೆ ಕಾರಣವನ್ನು ಅವರೇ ಕೊಟ್ಟಂತೆ.

ಕೊಳ್ಳುವಾಗ, ಕೊಡುವಾಗ

ಮೊಬೈಲ್ ಕೊಳ್ಳುವವರಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಇದೆ. ಐಎಂಇಐ ಹಾಕಿ ಫೋನ್ ಕಪ್ಪುಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಲ್ಯಾಪ್‌ಟಾಪಿಗೆ ಐಎಂಇಐ ಇಲ್ಲ, ಅಂಥ ಪಟ್ಟಿಯೂ ಇಲ್ಲ. ಸೀರಿಯಲ್ ನಂಬರ್ ಹಾಕಿ ಬೀಗ ಇದೆಯೇ ಎಂದು ನೋಡುವ ಪುಟವೊಂದನ್ನು ಆ್ಯಪಲ್ ಫೋನುಗಳಿಗಾಗಿ ಇಟ್ಟಿತ್ತು, 2017ರ ಜನವರಿಯಲ್ಲಿ ಅದನ್ನೂ ತೆಗೆದುಹಾಕಿತು. ಹಾಗಾಗಿ ಪರೀಕ್ಷೆ ನಡೆಯಬೇಕಾದ್ದು ಮಾರುವವರ ಎದುರಲ್ಲೇ, ದುಡ್ಡು ಕೈ ಬದಲಾಗುವ ಮೊದಲೇ.

ಯಂತ್ರ ಇನ್ನೂ ಅವರ ಬಳಕೆಯಲ್ಲೇ ಇದ್ದರೆ, ಆಪ್ಶನ್ ಕೀಲಿ ಒತ್ತಿ ಹಿಡಿದು ಆ್ಯಪಲ್ ಮೆನುವಿನಲ್ಲಿ ‘ಸಿಸ್ಟಂ ಇನ್ಫರ್ಮೇಶನ್’ ತೆರೆಯಿರಿ. ಹಾರ್ಡ್‌ವೇರ್ ವಿವರದ ಕೊನೆಯಲ್ಲಿ ಆ್ಯಕ್ಟಿವೇಶನ್ ಲಾಕ್ ಇದೆಯೋ ಇಲ್ಲವೋ ಬರೆದಿರುತ್ತದೆ. ಆಮೇಲೆ ಅಳಿಸುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿ. ಮೊದಲೇ ಅಳಿಸಿಟ್ಟಿದ್ದರೆ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ದೇಶ, ಭಾಷೆಗಳನ್ನು ದಾಟಿಸಿ ಹೊಸ ಬಳಕೆದಾರರ ಹೆಸರು ಕೇಳುವ ಹಂತದವರೆಗೆ ಹೋಗಿ ನೋಡಿ. ‘ಇಲ್ಲಿ ನೆಟ್ ಸಿಗಲ್ಲ, ಮನೆಗೆ ಹೋಗಿ ಮಾಡ್ಕೊಳ್ಳಿ’ ಎಂದರೆ ಅಲ್ಲಿಂದ ಎದ್ದುಬನ್ನಿ.

ಕೊಡುವವರ ಕೆಲಸ ಇನ್ನೂ ಚಿಕ್ಕದು. 2021ರ ಮ್ಯಾಕ್‌ಒಎಸ್ ಮಾಂಟೆರೆಯಿಂದ ಸೆಟ್ಟಿಂಗ್ಸ್‌ನಲ್ಲೇ ‘ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಇದೆ. ಅದು ನಿಮ್ಮ ಆ್ಯಪಲ್ ಪಾಸ್‌ವರ್ಡ್ ಕೇಳಿ, ಅಕೌಂಟಿನಿಂದ ಯಂತ್ರವನ್ನು ಬಿಡಿಸಿ, ನಂತರ ಅಳಿಸುತ್ತದೆ. ತೊಂದರೆಯಾಗುವುದು ಈ ಕ್ರಮ ಬಿಟ್ಟು ರಿಕವರಿಗೆ ಹೋಗಿ ಡಿಸ್ಕನ್ನಷ್ಟೇ ಅಳಿಸಿದಾಗ.

ಬೀಗದಿಂದ ನಷ್ಟವಾಗುತ್ತಿರುವುದು ಕಳ್ಳರಿಗೆ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ದಾನವಾಗಿ ಕೊಟ್ಟ, ಮರುಬಳಕೆಗೆಂದು ಕಳಿಸಿದ, ಕಂಪನಿಗಳು ವಿಲೇವಾರಿ ಮಾಡಿದ ಎಷ್ಟೋ ಮ್ಯಾಕ್‌ಗಳು ಮಾಲೀಕರು ಲಾಗೌಟ್ ಆಗದ ಒಂದೇ ಕಾರಣಕ್ಕೆ ಬಿಡಿಭಾಗಗಳಾಗಿ, ಕೊನೆಗೆ ಗುಜರಿಯಾಗಿ ಹೋಗುತ್ತಿವೆ. ಅಮೆರಿಕದ ಮರುಸಜ್ಜು ವ್ಯಾಪಾರಿಗಳು ವರ್ಷಗಳಿಂದ ಈ ದೂರು ಹೇಳುತ್ತಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಯಾವ ಯಂತ್ರ ಯಾವ ಅಕೌಂಟಿನದು ಎಂಬುದು ಆ್ಯಪಲ್‌ಗೆ ಗೊತ್ತು. ಮಾಲೀಕರ ಗುರುತು ಬಿಟ್ಟುಕೊಡದೆ, ‘ನಿಮ್ಮ ಹಳೇ ಮ್ಯಾಕ್ ಈಗ ಬೇರೆಯವರ ಬಳಿ ಇದೆ, ಬಿಡುಗಡೆ ಮಾಡುತ್ತೀರಾ?’ ಎಂದು ತಾನೇ ಒಂದು ಸಂದೇಶ ಮುಟ್ಟಿಸುವುದು ಅದಕ್ಕೆ ಕಷ್ಟದ ಕೆಲಸವಲ್ಲ. ಕದ್ದದ್ದಾಗಿದ್ದರೆ ಮಾಲೀಕರು ಒಲ್ಲೆ ಎನ್ನುತ್ತಾರೆ, ಮರೆತದ್ದಾಗಿದ್ದರೆ ಹೂಂ ಎನ್ನುತ್ತಾರೆ. ಬೀಗ ಗಟ್ಟಿಯಾಗಿಯೇ ಇರಲಿ, ಪ್ರಾಮಾಣಿಕವಾಗಿ ಕೊಂಡವರು ಬಾಗಿಲು ತಟ್ಟಲು ಒಂದು ಅಗಳಿಯನ್ನಾದರೂ ಇಡಬೇಕು.

ಆ್ಯಪಲ್ ಅದನ್ನು ಮಾಡುವವರೆಗೆ ಹೊಣೆ ನಮ್ಮದೇ. ಮಕ್ಕಳ ಶಾಲೆಗೆ, ಊರಿನ ಗ್ರಂಥಾಲಯಕ್ಕೆ, ನೆಂಟರ ಹುಡುಗನ ಓದಿಗೆ ಹಳೇ ಮ್ಯಾಕ್ ಕೊಡುವ ಮನಸ್ಸಿದ್ದರೆ ಕೈಬಿಡುವ ಮೊದಲು ಅಕೌಂಟಿನಿಂದ ಲಾಗೌಟ್ ಆಗಿ. ಈಗಾಗಲೇ ಕೊಟ್ಟಾಗಿದ್ದರೆ ಇವತ್ತೇ ಐಕ್ಲೌಡ್ ತೆರೆದು ನಿಮ್ಮ ಹೆಸರಿನಲ್ಲಿ ಯಾವ ಯಾವ ಯಂತ್ರಗಳಿವೆ ಎಂದು ಒಮ್ಮೆ ನೋಡಿ. ನೀವೇ ಕೊಟ್ಟ ಯಂತ್ರ ಆ ಪಟ್ಟಿಯಲ್ಲಿದ್ದರೆ ತೆಗೆದುಹಾಕಿ.